ಕಾರ್ಡ್ ಕೈಯಲ್ಲಿತ್ತು, ಹೆಸರು ಪಕ್ಕದ ವಾರ್ಡಿನಲ್ಲಿತ್ತು

2021ರ ಡಿಸೆಂಬರ್ 27, ಚಿಕ್ಕಮಗಳೂರು ನಗರಸಭೆ ಚುನಾವಣೆಯ ದಿನ. ಅತ್ತೆ ಬೆಳಿಗ್ಗೆಯೇ ಸ್ನಾನ ಮುಗಿಸಿ, ವೋಟರ್ ಕಾರ್ಡನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಯಾವಾಗಲೂ ಹೋಗುವ ಶಾಲೆಗೆ ಹೋದರು. ಅರ್ಧ ಗಂಟೆಯಲ್ಲಿ ವಾಪಸ್ ಬಂದರು. "ನನ್ ಹೆಸ್ರೇ ಇಲ್ವಂತೆ ಕಣಮ್ಮ" ಅಂದು ಜಗಲಿ ಮೇಲೆ ಕೂತವರು ತುಂಬಾ ಹೊತ್ತು ಒಳಗೆ ಬರಲಿಲ್ಲ.

ಅವರು ಮೊದಲ ಸಲ ಓಟು ಹಾಕಿದ್ದು 1978ರ ನವೆಂಬರ್‌ನಲ್ಲಿ, ಇಂದಿರಾ ಗಾಂಧಿ ಇಲ್ಲಿಂದ ನಿಂತ ಉಪಚುನಾವಣೆಯಲ್ಲಿ. ಆಗ ಓಟಿಗೆ 21 ತುಂಬಬೇಕಿತ್ತು, ಅದು 18ಕ್ಕೆ ಇಳಿದದ್ದು 1989ರಲ್ಲಿ. ಆ ಮೊದಲ ಓಟಿನಿಂದ 2021ರವರೆಗೆ ಅತ್ತೆ ಒಂದು ಚುನಾವಣೆಯನ್ನೂ ಬಿಟ್ಟವರಲ್ಲ.

ಅವತ್ತು ಅಂಗಡಿ ಬಾಗಿಲು ಹಾಕಿ ನಾನೇ ಹೊರಟೆ. ಬೂತಿನ ಹೊರಗೆ ಟೇಬಲ್ ಹಾಕಿಕೊಂಡು ಕೂತಿದ್ದ ಎಲ್ಲ ಪಕ್ಷದವರ ಪಟ್ಟಿಯನ್ನೂ ತಿರುವಿ ಹಾಕಿದೆ. ಸಿಗಲಿಲ್ಲ. ಸಂಜೆ ಪಕ್ಕದ ವಾರ್ಡಿನ ಟೇಬಲ್‌ನಲ್ಲಿದ್ದ ಹುಡುಗನೊಬ್ಬ "ಅಕ್ಕ, ಇಲ್ಲಿದೆ ನೋಡಿ" ಅಂತ ಬೆರಳಿಟ್ಟು ತೋರಿಸಿದ. ನಮ್ಮ ರಸ್ತೆಯೇ ಎರಡು ವಾರ್ಡಿನ ಗಡಿ. ನಮ್ಮ ಸಾಲಿನ ನಾಲ್ಕು ಮನೆಗಳ ಹೆಸರು ರಸ್ತೆ ದಾಟಿ ಆಚೆ ವಾರ್ಡಿನ ಪಟ್ಟಿಗೆ ಸೇರಿಬಿಟ್ಟಿತ್ತು. ಅತ್ತೆಯನ್ನು ಆಟೋದಲ್ಲಿ ಕರೆತರುವಷ್ಟರಲ್ಲಿ ಗೇಟು ಹಾಕಿದ್ದರು.

ನನ್ನದು ಸಣ್ಣ ಜೆರಾಕ್ಸ್ ಅಂಗಡಿ, ಒಂದು ಕಂಪ್ಯೂಟರ್, ಒಂದು ಪ್ರಿಂಟರ್. ಆ ವರ್ಷದಿಂದ ವೋಟರ್ ಪಟ್ಟಿಯ ಕೆಲಸಕ್ಕೆ ಅಂತ ಬಂದವರನ್ನು ಕೂರಿಸಿಕೊಂಡು ಮಾಡಿಕೊಡುತ್ತಿದ್ದೇನೆ. ಪ್ರಿಂಟಿನ ದುಡ್ಡು ಬಿಟ್ಟರೆ ಬೇರೇನೂ ತಗೊಳ್ಳುವುದಿಲ್ಲ. ಅರ್ಜಿಗೆ ಸರ್ಕಾರವೇ ಶುಲ್ಕ ಇಟ್ಟಿಲ್ಲದಿರುವಾಗ ನಾನು ಯಾಕೆ ಇಡಲಿ.

ಬಂದವರಿಗೆಲ್ಲ ನಾನು ಮೊದಲು ಹೇಳುವುದು, ಕಾರ್ಡ್ ಇದ್ದ ಮಾತ್ರಕ್ಕೆ ಓಟು ಇದೆ ಅಂತ ಅಲ್ಲ. ಕಾರ್ಡು ಗುರುತಿಗೆ ಮಾತ್ರ, ಹಕ್ಕು ಇರುವುದು ಪಟ್ಟಿಯಲ್ಲಿ. ಕಾರ್ಡ್ ಕಳೆದುಹೋದರೂ ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಪ್ಯಾನ್ ಇಂಥದ್ದರಲ್ಲಿ ಒಂದನ್ನು ತೋರಿಸಿ ಓಟು ಹಾಕಬಹುದು. ಪಟ್ಟಿಯಲ್ಲೇ ಹೆಸರಿಲ್ಲದಿದ್ದರೆ ಹೊಳೆಯುವ ಹೊಸ ಕಾರ್ಡಿದ್ದೂ ಪ್ರಯೋಜನ ಇಲ್ಲ.

ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಪಟ್ಟಿ ನೋಡುವಾಗ ಹೆಸರು ಹಾಕಿ ಹುಡುಕುವ ಗೋಜಿಗೆ ನಾನು ಹೋಗುವುದಿಲ್ಲ, ಕಾರ್ಡಿನ ಮೇಲಿರುವ ಹತ್ತು ಅಕ್ಷರ-ಅಂಕಿಯ ಸಂಖ್ಯೆಯನ್ನೇ ಹಾಕುತ್ತೇನೆ. ಕಾರಣ ಇದೆ. ನಮ್ಮ ಕಡೆ ದೇವೀರಮ್ಮ ಅನ್ನುವ ಹೆಸರು ಬೀದಿಗೊಂದು ಸಿಗುತ್ತದೆ. ಅರ್ಜಿ ತುಂಬುವಾಗಲೂ ಹೆಸರಿನ ಮೇಲೆ ಕಣ್ಣಿಡಬೇಕು, ವೆಬ್‌ಸೈಟಿನಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಕನ್ನಡದ ಹೆಸರನ್ನು ಅದೇ ಬರೆದುಕೊಳ್ಳುತ್ತದೆ. ಒಮ್ಮೆ ನನ್ನ ಕಣ್ಣೆದುರೇ ದೇವೀರಮ್ಮ ‘ಡೆವಿರಮ್ಮ’ ಆಗಿದ್ದರು. ಹಾಗೇ ಬಿಟ್ಟಿದ್ದರೆ ಕಾರ್ಡು ಅದೇ ಹೆಸರಲ್ಲಿ ಬರುತ್ತಿತ್ತು. ಆಮೇಲೆ ತಿದ್ದಿಸಲು ಇನ್ನೊಂದು ಅರ್ಜಿ, ಇನ್ನೊಂದಿಷ್ಟು ದಿನ ಕಾಯುವುದು. ಈಗ ಕನ್ನಡದ ಕಾಲಂ ಅಳಿಸಿ ಕೈಯಾರೆ ಟೈಪ್ ಮಾಡುತ್ತೇನೆ, ಸಲ್ಲಿಸುವ ಮುಂಚೆ ಅವರಿಗೇ ಜೋರಾಗಿ ಓದಿ ಹೇಳುತ್ತೇನೆ. ಓದಲು ಬಾರದವರೂ ತಮ್ಮ ಹೆಸರು ತಪ್ಪಿದರೆ ತಕ್ಷಣ ಹಿಡಿಯುತ್ತಾರೆ.

ಅರ್ಜಿಗಳ ಲೆಕ್ಕ ಈಗ ಸುಲಭ. ಹೊಸದಾಗಿ ಸೇರಲು ನಮೂನೆ 6. ಸತ್ತವರ ಹೆಸರು ತೆಗೆಸಲು, ಯಾವುದಾದರೂ ಹೆಸರಿಗೆ ಆಕ್ಷೇಪಣೆ ಹಾಕಲು ನಮೂನೆ 7. ಮನೆ ಬದಲಾಯಿಸಿದ್ದು, ತಿದ್ದುಪಡಿ, ಕಳೆದ ಕಾರ್ಡಿಗೆ ಇನ್ನೊಂದು ಕಾರ್ಡ್, ಇವಕ್ಕೆಲ್ಲ ನಮೂನೆ 8. ಇದು 2022ರ ಆಗಸ್ಟ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಮುಂಚೆ ಸ್ಥಳಾಂತರಕ್ಕೆ 8ಎ ಅಂತ ಬೇರೆ ಇತ್ತು, ಇವತ್ತಿಗೂ ಹಳಬರು ಅದನ್ನೇ ಕೇಳಿಕೊಂಡು ಬರುತ್ತಾರೆ. ಕಂಪ್ಯೂಟರ್ ಬೇಡ ಅನ್ನುವವರು ತಮ್ಮ ಬೂತಿನ ಬಿಎಲ್‌ಒ, ಅಂದರೆ ಬೂತ್ ಮಟ್ಟದ ಅಧಿಕಾರಿ, ಅವರ ಕೈಗೆ ಕಾಗದದಲ್ಲೇ ಕೊಡಬಹುದು. ಬಿಎಲ್‌ಒ ಯಾರು ಅಂತ ಗೊತ್ತಿಲ್ಲದಿದ್ದರೆ 1950ಕ್ಕೆ ಫೋನ್ ಮಾಡಿ ಕೇಳಿ. ಅನೇಕ ಕಡೆ ಅಂಗನವಾಡಿ ಕಾರ್ಯಕರ್ತೆಯರೋ ಶಾಲೆ ಮೇಷ್ಟ್ರೋ ಈ ಕೆಲಸ ಮಾಡುತ್ತಿರುತ್ತಾರೆ. ತಮ್ಮ ಕೆಲಸದ ಜೊತೆಗೆ ಮನೆಮನೆ ಸುತ್ತುವವರು ಅವರು, ಬಾಗಿಲಿಗೆ ಬಂದಾಗ "ನಾಳೆ ಬನ್ನಿ" ಅನ್ನಬೇಡಿ.

ಕಾಲೇಜು ಹುಡುಗ ಹುಡುಗಿಯರಿಗೆ ಒಂದು ಮಾತು. ಮೊದಲೆಲ್ಲ ಜನವರಿ 1ಕ್ಕೆ 18 ತುಂಬಿರಬೇಕಿತ್ತು, ಒಂದು ದಿನ ತಪ್ಪಿದರೂ ವರ್ಷ ಕಾಯಬೇಕಿತ್ತು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕು ಹೀಗೆ ನಾಲ್ಕು ಅವಕಾಶ ಇವೆ. 17 ದಾಟಿದವರು ಮುಂಚಿತವಾಗಿಯೇ ಅರ್ಜಿ ಹಾಕಿಡಬಹುದು. ಕೊಪ್ಪ, ಶೃಂಗೇರಿ ಕಡೆಯಿಂದ ಬಂದು ಇಲ್ಲಿ ಹಾಸ್ಟೆಲಿನಲ್ಲಿರುವವರು ಊರಲ್ಲೋ ಇಲ್ಲೋ ಒಂದು ಕಡೆ ಮಾತ್ರ ಇಟ್ಟುಕೊಳ್ಳಬೇಕು. ಎರಡೂ ಕಡೆ ಇಡುವುದು ಕಾನೂನಿಗೆ ವಿರುದ್ಧ, ಅರ್ಜಿಯಲ್ಲಿ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. "ಒಂದ್ ಓಟಿಂದ ಏನಾಗತ್ತೆ ಆಂಟಿ" ಅಂದ ಶೃಂಗೇರಿ ಕ್ಷೇತ್ರದ ಹುಡುಗನಿಗೆ ನಾನು ಹೇಳಿದ್ದು ಒಂದೇ ಅಂಕಿ. 2023ರ ವಿಧಾನಸಭೆ ಚುನಾವಣೆಯಲ್ಲಿ ಅವನ ಕ್ಷೇತ್ರದಲ್ಲಿ ಘೋಷಣೆಯಾದ ಗೆಲುವಿನ ಅಂತರ 201 ಮತ. ಒಂದು ಹಾಸ್ಟೆಲಿನಲ್ಲಿ ಅದಕ್ಕಿಂತ ಹೆಚ್ಚು ಹುಡುಗರಿರುತ್ತಾರೆ.

ಇನ್ನು ನಗರಸಭೆಯ ವಿಷಯ. ಇದನ್ನು ಬಹಳ ಜನ ಗಮನಿಸುವುದಿಲ್ಲ, ನಾನೂ ಗಮನಿಸಿರಲಿಲ್ಲ. ಲೋಕಸಭೆ, ವಿಧಾನಸಭೆ ಚುನಾವಣೆ ನಡೆಸುವುದು ಭಾರತ ಚುನಾವಣಾ ಆಯೋಗ. ನಗರಸಭೆ, ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅದಕ್ಕೆ ಮೂಲ ವಿಧಾನಸಭೆಯ ಪಟ್ಟಿಯೇ, ಆದರೆ ಅದನ್ನು ವಾರ್ಡುವಾರು ಬಿಡಿಸಬೇಕು. ನಮ್ಮ ಊರಿಗೆ 35 ವಾರ್ಡು. ವಿಧಾನಸಭೆಯ ಒಂದು ಭಾಗದ, ಅಂದರೆ ಒಂದು ಬೂತಿನ, ಪಟ್ಟಿ ಎರಡು ವಾರ್ಡಿಗೆ ಹಂಚಿಹೋಗುವಾಗ ಗಡಿಯಲ್ಲಿರುವ ಮನೆಗಳು ಆಚೀಚೆ ಆಗುತ್ತವೆ. ಮನೆ ನಂಬರ್ ಹಳೆಯದೊಂದು, ಹೊಸದೊಂದು ಇದ್ದರಂತೂ ಕೇಳುವುದೇ ಬೇಡ.

ಹಾಗಾಗಿ ವಾರ್ಡಿನ ಕರಡು ಪಟ್ಟಿ ಹೊರಬಂದು ಆಕ್ಷೇಪಣೆಗೆ ದಿನ ಕೊಟ್ಟಿರುತ್ತಾರಲ್ಲ, ಆ ಕೆಲವೇ ದಿನ ತುಂಬಾ ಮುಖ್ಯ. ನಾನು ನಮ್ಮ ರಸ್ತೆಯವರಿಗಾಗಿ ಮಾಡಿಕೊಂಡ ಕ್ರಮ ಇದು. ವಿಧಾನಸಭೆಯ ನಮ್ಮ ಭಾಗದ ಪಟ್ಟಿಯನ್ನು ಪೂರ್ತಿ ಪ್ರಿಂಟ್ ತೆಗೆದೆ. ಪುಟಕ್ಕೆ ಮೂವತ್ತು ಚೌಕ, ಒಂದೊಂದರಲ್ಲೂ ಕ್ರಮಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರ್, ವಯಸ್ಸು. ಪೆನ್ಸಿಲ್ ಹಿಡಿದು ಎರಡು ಭಾನುವಾರ ಮನೆಮನೆಗೆ ಹೋದೆ. ತೆಗೆದ ಹೆಸರುಗಳ ಪಕ್ಕ ಇಂಗ್ಲಿಷಿನ ಒಂದು ಅಕ್ಷರ ಇರುತ್ತದೆ. ಇ ಅಂದರೆ ತೀರಿಕೊಂಡವರು, ಎಸ್ ಅಂದರೆ ಬೇರೆ ಕಡೆ ಹೋದವರು, ಆರ್ ಅಂದರೆ ಎರಡು ಸಲ ಬಂದ ಹೆಸರು. ಒಂದು ಮನೆಯಲ್ಲಿ ಜೀವಂತ ಕೂತು ಕಾಫಿ ಕೊಟ್ಟ ಯಜಮಾನರ ಹೆಸರಿನ ಪಕ್ಕ ಎಸ್ ಇತ್ತು. ಮಗನ ಮನೆಗೆ ಅಂತ ಆರು ತಿಂಗಳು ಹೋಗಿ ಬಂದಿದ್ದರಂತೆ. ಅವತ್ತೇ ಅವರಿಗೆ ನಮೂನೆ 6 ಹಾಕಿಸಿದೆ.

ಊರಂಚಿನ ಹೊಸ ಬಡಾವಣೆಯವರು ಇನ್ನೊಂದು ನೋಡಿಕೊಳ್ಳಬೇಕು. ಬಾಯಲ್ಲಿ ಚಿಕ್ಕಮಗಳೂರು ಅಂದರೂ ಕಂದಾಯ ಕಟ್ಟುವುದು ಪಂಚಾಯಿತಿಗಾದರೆ ಓಟೂ ಪಂಚಾಯಿತಿಗೇ, ನಗರಸಭೆಗಲ್ಲ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ್ದು ಪೂರ್ತಿ ಬೇರೆ ಪಟ್ಟಿ. ನಾವು ಬರುವುದು ನೈರುತ್ಯ ಪದವೀಧರ ಕ್ಷೇತ್ರಕ್ಕೆ, ಅದಕ್ಕೆ ಹೆಸರು ಸೇರಿಸುವ ನಮೂನೆ 18ನ್ನು ಪ್ರತಿ ಚುನಾವಣೆಗೂ ಹೊಸದಾಗಿ ಹಾಕಬೇಕು.

ಇನ್ನು ಸಮಯ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಕಳೆದ ಮೇಲೆ ಪಟ್ಟಿಗೆ ಹೆಸರು ಸೇರುವುದಿಲ್ಲ. ಅರ್ಜಿ ಬಂದ ಮೇಲೆ ಆಕ್ಷೇಪಣೆಗೂ ಒಂದು ವಾರ ಬೇಕು. ಪ್ರಚಾರದ ಗಾಡಿ ಬೀದಿಗೆ ಬಂದ ಮೇಲೆ ಅಂಗಡಿಗೆ ಬರುವವರೇ ಜಾಸ್ತಿ, ಅವರನ್ನು ಬರಿಗೈಲಿ ಕಳಿಸುವಾಗ ನನಗೆ ಅತ್ತೆಯ ಮುಖ ನೆನಪಾಗುತ್ತದೆ.

ನಮ್ಮ ಸಾಲಿನ ನಾಲ್ಕು ಮನೆಯ ಭಾಗ ಸಂಖ್ಯೆ, ಕ್ರಮಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು ಅಂಗಡಿ ಗೋಡೆಗೆ ಅಂಟಿಸಿದ್ದೇನೆ. ವಾರ್ಡಿನ ಚಕ್ಕುಬಂದಿ ಪ್ರಕಟವಾದ ಪ್ರತಿಯೂ ಅದರ ಕೆಳಗೇ ಇದೆ, ನಮ್ಮ ರಸ್ತೆಯ ಹೆಸರಿಗೆ ಕೆಂಪು ಗೆರೆ ಎಳೆದಿದ್ದೇನೆ. ಆಕ್ಷೇಪಣೆ ಅರ್ಜಿಯನ್ನೂ ಬರೆದಿಟ್ಟಿದ್ದೇನೆ, ತಾರೀಕು ತುಂಬುವುದೊಂದೇ ಬಾಕಿ. ಅಂಗಡಿಗೆ ಬಂದಾಗೆಲ್ಲ ಅತ್ತೆ ಆ ಹಾಳೆಯ ಹತ್ತಿರ ನಿಂತು ತಮ್ಮ ಸಂಖ್ಯೆಯನ್ನು ಒಮ್ಮೆ ಓದಿಕೊಳ್ಳುತ್ತಾರೆ.