ಹಿಪ್ ಇಂಪ್ಲಾಂಟ್ ಆರಿಸೋವಾಗ ನಾನು ಏನೇನ್ ನೋಡ್ತೀನಿ

ಕಂಪನಿ ರೆಪ್ ಬಂದು "ಹೊಸ ಡಿಸೈನ್ ಸರ್" ಅಂತ ಸ್ಟೆಮ್ (ತೊಡೆಮೂಳೆಯೊಳಗೆ ಕೂರೋ ಲೋಹದ ಕಡ್ಡಿ) ಕೈಗಿಟ್ರೆ ನಾನ್ ಕೇಳೋದು ಒಂದೇ, ಹತ್ತು ವರ್ಷದ ರಿವಿಷನ್ ರೇಟ್ ಎಷ್ಟು? ಅಂದ್ರೆ ಹಾಕಿದ ನೂರು ಹಿಪ್‌ನಲ್ಲಿ ಎಷ್ಟನ್ನ ಮತ್ತೆ ಬಿಚ್ಚಬೇಕಾಯ್ತು ಅಂತ. ಬ್ರಿಟನ್‌ನಲ್ಲಿ ಯಾವ ಚಿಕಿತ್ಸೆ ಬಳಸ್ಬೇಕು ಅಂತ ಹೇಳೋ ಸಂಸ್ಥೆ ನೈಸ್ 2014ರಲ್ಲಿ 10 ವರ್ಷಕ್ಕೆ 5% ಅಂತ ಗೆರೆ ಎಳೀತು, ಅದನ್ನ ದಾಟಿದ್ದು ನನಗೆ ಬೇಡ. ಹಾಕಿದ ಕೀಲುಗಳ ಲೆಕ್ಕ ಇಡೋ ಬ್ರಿಟನ್, ಆಸ್ಟ್ರೇಲಿಯಾ ರಿಜಿಸ್ಟ್ರಿಗಳ ವಾರ್ಷಿಕ ವರದಿ ಪುಕ್ಕಟೆ ಸಿಗುತ್ತೆ, ಬ್ರೋಷರ್ ಬದಲು ಅದನ್ನೇ ಓದ್ತೀನಿ.

ಇಷ್ಟು ಅನುಮಾನ ಯಾಕೆ ಅಂದ್ರೆ ಡಿಪ್ಯೂ ಕಂಪನಿಯ ಎಎಸ್‌ಆರ್ ಹಿಪ್. ಮೆಟಲ್ ಮೇಲೆ ಮೆಟಲ್, ದೊಡ್ಡ ಹೆಡ್ (ಕೀಲಿನ ಗುಂಡು), ಕೀಲು ತಪ್ಪಲ್ಲ ಸವೆಯಲ್ಲ ಅಂತ ಬಂತು, ಆಮೇಲೆ ನೋಡಿದ್ರೆ ಕೋಬಾಲ್ಟ್ ಕ್ರೋಮಿಯಂ ಕಣಗಳು ಉದುರಿ ಸುತ್ತಲಿನ ಮಾಂಸಖಂಡವೇ ಹಾಳಾಗ್ತಿತ್ತು, ಆಸ್ಟ್ರೇಲಿಯಾ ರಿಜಿಸ್ಟ್ರಿಲಿ ಮೊದ್ಲೇ ಸುಳಿವು ಸಿಕ್ಕಿತ್ತು, ಡಿಪ್ಯೂ ಜಗತ್ತಿನಾದ್ಯಂತ ವಾಪಸ್ ತಗೊಂಡಿದ್ದು 2010ರ ಆಗಸ್ಟ್‌ನಲ್ಲಿ. ನಮ್ಮ ದೇಶದಲ್ಲೂ ಎಷ್ಟೋ ಜನಕ್ಕೆ ಹಾಕಿಯಾಗಿತ್ತು.

ಸ್ಟೆಮ್ ವಿಷಯಕ್ಕೆ ಬಂದ್ರೆ ಎಕ್ಸ್‌ರೇಲಿ ತೊಡೆಮೂಳೆ ನೋಡ್ತೀನಿ. ಗೋಡೆ ದಪ್ಪ ಇದ್ದು ಒಳಗಡೆ ಆಲಿಕೆ ಥರ ಕಿರಿದಾಗ್ತಾ ಹೋದ್ರೆ ಸಿಮೆಂಟ್ (ಸ್ಟೆಮ್ ಮೂಳೆಗೆ ಕೂರಿಸೋ ಗಾರೆ) ಇಲ್ಲದ್ದು, ಕೊರೈಲ್ ಸ್ಟೆಮ್ ಥರದ ಹೈಡ್ರಾಕ್ಸಿಅಪಟೈಟ್ (ಮೂಳೆಯಲ್ಲಿರೋ ಥರದ್ದೇ ಖನಿಜ) ಕೋಟಿಂಗ್ ಇರೋದು, ಮೂಳೆ ತಾನೇ ಹಿಡ್ಕೊಳ್ಳುತ್ತೆ. ಎಪ್ಪತ್ತೈದು ದಾಟಿದ ಅಜ್ಜಿಯ ಟೊಳ್ಳು ಮೂಳೆಗೆ ಅದನ್ನ ಬಡಿದು ಕೂರಿಸೋಕೆ ಹೋದ್ರೆ ಸೀಳು ಬಿಡೋ ಭಯ, ಅಲ್ಲಿ 1970ರಿಂದ ಇರೋ ಎಕ್ಸೆಟರ್, ಸಿಮೆಂಟ್ ಹಾಕಿ. ಈಗಿನ ಹುಡುಗ್ರು ಸಿಮೆಂಟ್ ಅಂದ್ರೆ ಹಳೇಕಾಲದ್ದು ಅಂತ ಮೂಗು ಮುರೀತಾರೆ, ರಿಜಿಸ್ಟ್ರಿ ಮಾತ್ರ ಆ ವಯಸ್ಸಿಗೆ ಸಿಮೆಂಟ್ ಪರವಾಗೇ ಇದೆ.

ಬೇರಿಂಗ್‌ಗೆ, ಅಂದ್ರೆ ಒಂದರ ಮೇಲೊಂದು ಉಜ್ಜೋ ಭಾಗಕ್ಕೆ, ನಂದು ಸೆರಾಮಿಕ್ ಹೆಡ್, ಕ್ರಾಸ್‌ಲಿಂಕ್ಡ್ ಪಾಲಿ ಲೈನರ್ (ಸವೆತ ಕಮ್ಮಿ ಇರೋ ಪ್ಲಾಸ್ಟಿಕ್‌ನ ಒಳಬಟ್ಟಲು). ಎವಿಎನ್ (ರಕ್ತ ಸಿಗದೆ ಮೂಳೆ ಸಾಯೋದು) ಆಗಿರೋ ಮೂವತ್ತರ ಹುಡುಗರಿಗೂ ಇದೇ, ಸೆರಾಮಿಕ್ ಮೇಲೆ ಸೆರಾಮಿಕ್ ಸವೆಯೋದು ಇನ್ನೂ ಕಮ್ಮಿ ನಿಜ, ಆದ್ರೆ ಕೆಲವರಿಗೆ ನಡೆದಾಗ ಕೀಚ್ ಅನ್ನುತ್ತೆ. ಈಗಿನ ಹಿಪ್ ಬದಲಾವಣೆಗೆ ದಾರಿ ಹಾಕಿದ ಸರ್ಜನ್ ಚಾರ್ನ್ಲಿಯ ಹೆಡ್ 22.25 ಮಿಮೀ ಇತ್ತು, ನಾನು 32 ಇಲ್ಲಾ 36 ಹಾಕ್ತೀನಿ, ಯಾಕಂದ್ರೆ ನಮ್ಮೋರು ಬೇಡ ಅಂದ್ರೂ ನೆಲದ ಮೇಲೆ ಕೂತೇ ಕೂರ್ತಾರೆ, ದೊಡ್ಡ ಹೆಡ್ ಅಷ್ಟು ಸುಲಭಕ್ಕೆ ಜಾರಲ್ಲ. ಅದಕ್ಕೂ ಮೇಲೆ ಯಾಕ್ ಹೋಗಲ್ಲ ಅಂದ್ರೆ ಲೈನರ್ ತೆಳ್ಳಗಾಗುತ್ತೆ.

ಇಂಪ್ಲಾಂಟ್ ಸ್ಟಿಕ್ಕರನ್ನ ಡಿಸ್ಚಾರ್ಜ್ ಸಮ್ಮರಿಲೇ ಅಂಟಿಸಿ ಕೊಡಿಸ್ತೀನಿ, ನಾಳೆ ರೀಕಾಲ್ ಆದ್ರೆ ಲಾಟ್ ನಂಬರ್ ಅವರ ಕೈಲೇ ಇರ್ಲಿ ಅಂತ.