ಹೊಲದಲ್ಲಿ ಕುರಿಮಂದೆ ಹಾಕಿಸುವ ಕ್ರಮ

ಕಡೂರು, ಅರಸೀಕೆರೆ ಸೀಮೆಯಲ್ಲಿ ರಾಗಿ ಕೊಯ್ದು ಮೆದೆ ಒಟ್ಟಿದ ಮೇಲೆ, ಮೇವು ಅರಸಿ ಊರೂರು ತಿರುಗುವ ಕುರಿಗಾಹಿಗಳು ಹಿಂಡು, ನಾಯಿ, ರಾತ್ರಿ ಹಿಂಡಿನ ಸುತ್ತ ಕಟ್ಟುವ ಬಲೆ, ಕಂಬಳಿಗಳೊಂದಿಗೆ ಬರಿದಾದ ಹೊಲಗಳತ್ತ ಬರುತ್ತಾರೆ. ಅವರ ಹಿಂಡನ್ನು ಕೆಲವು ರಾತ್ರಿ ನಮ್ಮ ಹೊಲದಲ್ಲಿ ತಂಗಿಸಿಕೊಳ್ಳುವುದೇ ಮಂದೆ ಹಾಕಿಸುವುದು. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ 0.5ರಷ್ಟಿದ್ದರೆ ಕುರಿಗೊಬ್ಬರದಲ್ಲಿ ಶೇ 3ರಷ್ಟಿರುತ್ತದೆ. ಅಲ್ಲದೆ, ಕುರಿ ಕೂಡುವ ರೊಪ್ಪದ ನೆಲದಲ್ಲಿ ಇಂಗಿ ವ್ಯರ್ಥವಾಗುವ ಗಂಜಲ ಇಲ್ಲಿ ನೇರವಾಗಿ ಹೊಲದ ಮಣ್ಣಿಗೆ ಸೇರುತ್ತದೆ.

ಹಿಂಡು ಊರೊಳಗೆ ಬಂದ ಮೇಲೆ ಓಡಾಡುವುದಕ್ಕಿಂತ, ಪಕ್ಕದೂರಿನಲ್ಲಿ ಬೀಡುಬಿಟ್ಟಿರುವಾಗಲೇ ಅದರ ಯಜಮಾನರನ್ನು ಕಂಡು ಮಾತನಾಡುವುದು ಮೇಲು. ಎಷ್ಟು ಕುರಿ, ಎಷ್ಟು ರಾತ್ರಿ, ಕೊಡುವುದು ಹಣವೋ ರಾಗಿಯೋ ಎರಡೂ ಸೇರಿಯೋ, ಹಗಲಿನಲ್ಲಿ ಹಿಂಡು ಎಲ್ಲಿ ಮೇಯಬೇಕು, ನೀರು ಎಲ್ಲಿ ಸಿಗುತ್ತದೆ ಎಂಬುದನ್ನೆಲ್ಲ ಆಗಲೇ ಬಾಯಿಬಿಟ್ಟು ಹೇಳಿಕೊಳ್ಳಬೇಕು. ನೀರಿನ ಮಾತು ಬಾರದ ಒಪ್ಪಂದ ಎರಡನೆಯ ದಿನಕ್ಕೇ ಮುರಿಯುತ್ತದೆ. ಬದುವಿನಾಚೆಯ ಹೊಲದಲ್ಲಿ ಇನ್ನೂ ಹುರುಳಿಯೋ ತೊಗರಿಯೋ ನಿಂತಿದ್ದರೆ ಆ ಹೊಲದವರಿಗೆ ಮೊದಲೇ ತಿಳಿಸುವುದು ನಮ್ಮ ಹೊಣೆಯೇ ಹೊರತು ಕುರಿಯವರದಲ್ಲ.

ಹಿಂಡು ಬರುವ ಮುನ್ನ ಹೊಲವನ್ನು ಒಮ್ಮೆ ನಡೆದು ನೋಡಬೇಕು. ಕೊಯ್ಲಾದ ಜೋಳದ ಬುಡದಲ್ಲಿ ಚಿಗುರಿದ ಎಳೆಯ ಕೂಳೆಯಲ್ಲಿ ಸಯನೈಡ್ ವಿಷಾಂಶವಿರುತ್ತದೆ. ಹಸಿದ ಕುರಿ ಅದನ್ನು ಮೇದರೆ ಸ್ವಲ್ಪ ಹೊತ್ತಿನಲ್ಲೇ ಸಾಯಬಹುದು. ಮುಸುಕಿನ ಜೋಳದ ತೆನೆಗಳು ಉದುರಿ ಬಿದ್ದಿದ್ದರೆ ಆರಿಸಿ ತೆಗೆಯಬೇಕು, ಏಕೆಂದರೆ ಕಾಳನ್ನು ಮಿತಿಮೀರಿ ತಿಂದ ಕುರಿಗೆ ಹೊಟ್ಟೆ ಕೆಡುತ್ತದೆ. ಹಾಸನದ ಕಡೆ ಆಲೂಗೆಡ್ಡೆ ಕಿತ್ತ ಹೊಲಗಳಲ್ಲಿ ಹಸಿರು ತಿರುಗಿದ ಗೆಡ್ಡೆಗಳೂ ಅಪಾಯಕಾರಿ. ಇತ್ತೀಚೆಗೆ ಕಳೆನಾಶಕವನ್ನೋ ಕೀಟನಾಶಕವನ್ನೋ ಸಿಂಪಡಿಸಿದ್ದರೆ ಮುಚ್ಚಿಡದೆ ಹೇಳಬೇಕು: ಒಂದೆರಡು ಕುರಿ ಸತ್ತರೂ ಅದು ತಿರುಗಾಟದ ಮನೆಯೊಂದರ ಉಳಿತಾಯವೇ ಕರಗಿದಂತೆ. ತೆಂಗಿನ ತೋಟವಾದರೆ ಹನಿ ನೀರಾವರಿಯ ಪೈಪುಗಳನ್ನು ಸುತ್ತಿಟ್ಟು, ಎಳೆಯ ಸಸಿಗಳಿಗೆ ಮುಳ್ಳು ಕಟ್ಟಬೇಕು.

ಇನ್ನು ಲೆಕ್ಕ. ದೊಡ್ಡ ಕುರಿಯೊಂದಕ್ಕೆ ಒಂದು ಚದರ ಮೀಟರ್ ಜಾಗ ಹಿಡಿದರೆ 500 ಕುರಿಗಳಿಗೆ ಸುಮಾರು 5 ಗುಂಟೆ ಬೇಕು. ಬಲೆಯನ್ನು ದಿನವೂ ಮುಂದಿನ 5 ಗುಂಟೆಗೆ ಸರಿಸುತ್ತ ಹೋದರೆ 8 ರಾತ್ರಿಗೆ ಒಂದು ಎಕರೆ ಮುಗಿಯುತ್ತದೆ. ಒಂದೇ ಕಡೆ ಮೂರ್ನಾಲ್ಕು ರಾತ್ರಿ ನಿಲ್ಲಿಸಿದರೆ ಅಲ್ಲಿ ಗೊಬ್ಬರ ಅತಿಯಾಗಿ, ಮುಂದಿನ ರಾಗಿ ಸೊಕ್ಕಿ ಬೆಳೆದು ನೆಲಕ್ಕೊರಗುತ್ತದೆ. ಇಳಿಜಾರಿದ್ದರೆ ಮೇಲ್ಭಾಗದಿಂದಲೇ ಆರಂಭಿಸುವುದು ಒಳ್ಳೆಯದು. ಚಿರತೆಯ ಓಡಾಟವಿರುವ ಗುಡ್ಡದ ಅಂಚಿನಲ್ಲಿ ರಾತ್ರಿಯಿಡೀ ಒಂದು ದೀಪ ಉರಿಯುವಂತೆ ಕರೆಂಟಿನ ಏರ್ಪಾಟು ಮಾಡಿಕೊಟ್ಟರೆ ಕಾಯುವವರಿಗೆ ಆಸರೆಯಾಗುತ್ತದೆ. ಮನೆಯ ನಾಯಿಗಳನ್ನು ಕಟ್ಟಿಹಾಕುವುದನ್ನೂ ಮರೆಯಬಾರದು.

ಮೂಡಿಗೆರೆ, ಸಕಲೇಶಪುರದ ಕಡೆಯವರು ಇದನ್ನು ಮಳೆಗಾಲದಲ್ಲಿ ಬಯಸುವಂತಿಲ್ಲ. ಸದಾ ಒದ್ದೆಯಾದ ನೆಲದಲ್ಲಿ ಕುರಿಯ ಗೊರಸು ಕೊಳೆಯುತ್ತದೆ.

ಬಲೆ ಸರಿದ ಜಾಗವನ್ನು ಬಿಸಿಲಿಗೆ ಬಿಟ್ಟರೆ ಗಂಜಲದ ಸಾರಜನಕ ಅಮೋನಿಯವಾಗಿ ಗಾಳಿಗೆ ಹಾರಿಹೋಗುವುದರಿಂದ, ಕೊನೆಯ ರಾತ್ರಿಗಾಗಿ ಕಾಯದೆ, ಹಿಂಡು ಎದ್ದ ಭಾಗಕ್ಕೆ ಅಂದೇ ಕುಂಟೆ ಹೊಡೆದು ಹಿಕ್ಕೆಯನ್ನು ಮೇಲುಮಣ್ಣಿನಲ್ಲಿ ಬೆರೆಸಬೇಕು. ಯಜಮಾನರ ಲೆಕ್ಕವನ್ನು ಹೊರಡುವ ಮುಂಜಾನೆಗಿಂತ ಹಿಂದಿನ ಸಂಜೆಯೇ ತೀರಿಸಿಬಿಡುವುದು ಸರಿ. ಬೆಳಗಿನ ಬಿಸಿಲೇರುವ ಮೊದಲೇ ಅವರು ಮುಂದಿನ ಊರಿನ ನೀರು ಮುಟ್ಟಬೇಕಿರುತ್ತದೆ.