ಪೆನ್ಸಿಲ್ ಮ್ಯಾಪಿನಲ್ಲಿ ಸಿಕ್ಕಿಬಿದ್ದ ಫ್ಲಟರ್

ಎಎಸ್‌ಡಿ (ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯ ತೂತು) ಆಪರೇಷನ್ ಆಗಿ ವರ್ಷಗಳ ಮೇಲೆ ಫ್ಲಟರ್ (ಮೇಲಿನ ಕೋಣೆಯಲ್ಲಿ ಕರೆಂಟು ಸುತ್ತುತ್ತಾ ಬಡಿತ ಓಡೋದು) ಬಂದವರನ್ನು ತ್ರೀಡಿ ಮ್ಯಾಪಿಂಗ್ (ಆ ಕರೆಂಟಿನ ದಾರಿಯನ್ನು ಕಂಪ್ಯೂಟರ್ ಬಿಡಿಸಿ ತೋರಿಸೋದು) ಇಲ್ಲದೆ ಮುಟ್ಟಬೇಡ ಅಂತ ನನಗೆ ಹೇಳದವರಿಲ್ಲ. ಶಿವಮೊಗ್ಗದಲ್ಲೇ ಮಾಡುತ್ತೇನೆ ಅಂದಾಗ ಬೆಂಗಳೂರಿನ ಗೆಳೆಯರು ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ ಕೇಳುತ್ತಾರೆ.

ಅಂಥವರಲ್ಲೊಬ್ಬರು ತೀರ್ಥಹಳ್ಳಿ ಕಡೆಯ ಹೆಂಗಸು. ಬೇರೆ ಕಡೆ ಇಸ್ಥ್ಮಸ್ (ಟ್ರೈಕಸ್ಪಿಡ್ ಕವಾಟಕ್ಕೂ ಐವಿಸಿ ಅನ್ನುವ ಕೆಳಗಿನ ದೊಡ್ಡ ರಕ್ತನಾಳಕ್ಕೂ ನಡುವಿನ ಕಿರಿದಾದ ಪಟ್ಟಿ) ಸುಟ್ಟು ಕಳಿಸಿದ್ದರು. ಮತ್ತೆ ಶುರುವಾಯಿತು. ಬಡಿತ ಹಿಡಿತಕ್ಕೆ ತರುವ ಅಮಿಯೋಡರೋನ್ ಕೊಟ್ಟರೆ ಥೈರಾಯ್ಡ್ ಕೆಟ್ಟಿತು. "ಡಾಕ್ಟ್ರೇ, ಅಡಿಕೆ ಸುಲಿಯೋಕೆ ಕೂತ್ರೆ ಎದೆ ಡವಡವ ಅನ್ನತ್ತೆ" ಅಂದರು. ತ್ರೀಡಿ ಕೇಸಾದರೆ ಪ್ಯಾಚು, ಮ್ಯಾಪಿಂಗ್ ಕ್ಯಾತಿಟರು (ಹೃದಯದೊಳಗೆ ತೂರಿಸುವ ತೆಳು ನಳಿಕೆ) ಅಂತ ಲಕ್ಷಕ್ಕೂ ಜಾಸ್ತಿ ಹೊರೆ. ತೋಟ ಅಡವಿಡುವ ಮಾತು ಬಂದಿತ್ತು. ನಮ್ಮಲ್ಲಿ ಎಲ್ಲಾ ಸೇರಿ ಸುಮಾರು ಎಂಬತ್ತು ಸಾವಿರಕ್ಕೆ ಮುಗಿಯಿತು.

ಟಿಇಇಯಲ್ಲಿ (ಗಂಟಲ ಮೂಲಕ ಮಾಡುವ ಹೃದಯದ ಸ್ಕ್ಯಾನ್) ಹೆಪ್ಪು ಇಲ್ಲ ಅಂತ ಖಾತ್ರಿಯಾದ ಮೇಲೆ ಟೇಬಲ್ಲಿಗೆ. ಸಿಎಸ್‌ನಲ್ಲಿ (ಕೊರೊನರಿ ಸೈನಸ್, ಹೃದಯದ ಹಿಂಬದಿಯ ರಕ್ತನಾಳ) ಒಂದು ಡೆಕಾಪೋಲಾರ್, ಅಂದರೆ ಹತ್ತು ಪೋಲಿನ ಕ್ಯಾತಿಟರು. ಇಪ್ಪತ್ತು ಪೋಲಿನದು ತರಿಸಲಿಲ್ಲ, ಇನ್ನೊಂದು ಡೆಕಾಪೋಲಾರನ್ನೇ ಬಗ್ಗಿಸಿ ಪಕ್ಕದ ಗೋಡೆಗೆ ಆನಿಸಿದೆ. ಸೈಕಲ್, ಅಂದರೆ ಫ್ಲಟರ್ ಒಂದು ಸುತ್ತು ಬರುವ ಸಮಯ, 270 ಮಿಲಿಸೆಕೆಂಡಿನ ಹತ್ತಿರ. ದೊಡ್ಡ ಹಾಳೆಯಲ್ಲಿ ಬಲ ಏಟ್ರಿಯಮ್ಮನ್ನು (ಬಲಗಡೆಯ ಮೇಲಿನ ಕೋಣೆ) ಎಕ್ಸ್‌ರೇಯ ಆರ್‌ಎಒ, ಎಲ್‌ಎಒ (ಬಲ ಓರೆ, ಎಡ ಓರೆ) ಎರಡೂ ನೋಟದಲ್ಲಿ ಬರೆದು, ಮುಟ್ಟಿದಲ್ಲೆಲ್ಲಾ ಸಿಎಸ್‌ಗೆ ಹೋಲಿಸಿದ ಟೈಮನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿದೆವು. ಟೆಕ್ನೀಷಿಯನ್ ಹುಡುಗ ಕೂಗೋದು, ಸಿಸ್ಟರ್ ಬರೆಯೋದು. ಡಬಲ್ ಪೊಟೆನ್ಷಿಯಲ್ (ಒಂದೇ ಕಡೆ ಎರಡು ಸಿಗ್ನಲ್) ಕಂಡಲ್ಲಿ ಎರಡು ಅಡ್ಡಗೀಟು. ಆ ಗೀಟುಗಳು ಒಂದರ ಕೆಳಗೊಂದು ಸಾಲಾಗಿ ಬಂದಾಗ ಹಳೇ ಹೊಲಿಗೆಯ ಕಲೆ ಹಾಳೆ ಮೇಲೆ ಎದ್ದು ಕಂಡಿತು. ಇಸ್ಥ್ಮಸ್‌ನಲ್ಲಿ 250ಕ್ಕೆ ಪೇಸ್ ಮಾಡಿದರೆ (ಕರೆಂಟು ಕೊಟ್ಟು ಬಡಿಸಿದರೆ) ಪಿಪಿಐ, ಅಂದರೆ ಪೇಸ್ ನಿಲ್ಲಿಸಿದ ಮೇಲೆ ಅಲ್ಲಿಗೆ ಮೊದಲ ಬಡಿತ ಬರಲು ಹಿಡಿದ ಸಮಯ, ಸೈಕಲ್‌ಗಿಂತ ಎಪ್ಪತ್ತರಷ್ಟು ಹೆಚ್ಚು, ಅಂದರೆ ಫ್ಲಟರ್ ಸುತ್ತುವ ಸರ್ಕ್ಯೂಟಿನ ಹೊರಗೆ. ಕಲೆಯ ಕೆಳತುದಿಗೂ ಐವಿಸಿಗೂ ನಡುವೆ ಹತ್ತೇ ಹೆಚ್ಚು, ಅಂದರೆ ಸರ್ಕ್ಯೂಟ್ ಇಲ್ಲೇ, ಸುಡಬೇಕಾದ್ದೂ ಇಲ್ಲೇ.

ಸುಡೋದೇ ಕಷ್ಟವಾಯಿತು. 4 ಮಿಮೀ ತುದಿಯ ಕ್ಯಾತಿಟರು ಅಲ್ಲಿ ಬೇಗ ಬಿಸಿಯಾಗಿ ಪವರ್ ಇಳಿದುಬಿಡುತ್ತಿತ್ತು. ಫ್ಲಟರ್ ಕದಲಲಿಲ್ಲ. ಮಳೆಗೆ ಕರೆಂಟ್ ಹೋಗಿ ಯುಪಿಎಸ್ ಬೇರೆ ಕಿರುಚತೊಡಗಿತು. ಸಲೈನ್ ಹರಿದು ತುದಿ ತಂಪಾಗಿರುವ ಇರಿಗೇಟೆಡ್ ಕ್ಯಾತಿಟರು ತೆಗೆದುಕೊಂಡು, ಅದಕ್ಕೆ ಆಸರೆಯಾಗಿ ಉದ್ದದ ಶೀತ್ (ಹೊರಕೊಳವೆ) ಹಾಕಿ, 30 ವ್ಯಾಟ್‌ಗೆ ಶುರುಮಾಡಿದೆ. ಅದಕ್ಕೂ ಮೊದಲು, ವಪೆಯ ನರ ಸುಟ್ಟುಹೋಗಬಾರದು ಅಂತ, ಹೈ ಔಟ್‌ಪುಟ್‌ನಲ್ಲಿ ಪೇಸ್ ಮಾಡಿ ವಪೆ ಕುಣಿಯುತ್ತದಾ ನೋಡಿದ್ದೆ. ಒಂದು ಕಡೆ ಕುಣಿಯಿತು, ಲೈನನ್ನು ಹಿಂದಕ್ಕೆ ಸರಿಸಿದೆ. ಶೀತನ್ನು ಅಲ್ಲಿ ಅಲ್ಲಾಡದಂತೆ ನಿಲ್ಲಿಸೋಕೆ ನನ್ನದೊಂದು ಕೈಚಳಕ ಇದೆ, ಅದನ್ನು ಬಂದು ನೋಡಿದವರಿಗೆ ಮಾತ್ರ ಹೇಳೋದು.

ಸೈಕಲ್ 270 ಇದ್ದದ್ದು 300 ದಾಟಿತು, ಆಮೇಲೆ ಫ್ಲಟರ್ ಥಟ್ಟನೆ ನಿಂತಿತು. ಹಳೇ ಇಸ್ಥ್ಮಸ್ ಲೈನಿನಲ್ಲೂ ಸಣ್ಣ ಸಂದು ಬಿಟ್ಟುಹೋಗಿತ್ತು. ಅದನ್ನೂ ಮುಚ್ಚಿ, ಎರಡೂ ಕಡೆಯಿಂದ ಪೇಸ್ ಮಾಡಿ ಬ್ಲಾಕ್ (ಕರೆಂಟು ಲೈನ್ ದಾಟದಿರೋದು) ನೋಡಿಕೊಂಡೆ. ಬರ್ಸ್ಟ್ (ವೇಗದ ಪೇಸಿಂಗ್) ಕೊಟ್ಟರೂ ಫ್ಲಟರ್ ಏಳಲಿಲ್ಲ. ಆಮೇಲಿನ ಹೋಲ್ಟರ್‌ಗಳೂ (ದಿನವಿಡೀ ತೆಗೆಯುವ ಇಸಿಜಿ) ಕ್ಲೀನ್. ಅಮಿಯೋಡರೋನ್ ಬಿಡಿಸಿದೆ, ರಕ್ತ ತೆಳು ಮಾಡುವ ಮಾತ್ರೆ ಸದ್ಯಕ್ಕೆ ಬಿಡಿಸಿಲ್ಲ.

ಮೈಟ್ರಲ್ (ಹೃದಯದ ಎಡಗಡೆಯ ಕವಾಟ) ಸರ್ಜರಿ ಆದವರ ಎಡಗಡೆಯ ಫ್ಲಟರಿಗೆ ಮಾತ್ರ ಈ ಪೆನ್ಸಿಲ್ ನೆಚ್ಚಿಕೊಳ್ಳೋದಿಲ್ಲ. ಅವರನ್ನು ಈಗಲೂ ಬೆಂಗಳೂರಿಗೇ ಕಳಿಸುತ್ತೇನೆ.